ಶಿಂಷಾ ದಡದ ಗಿರಗಿಟ್ಲೆ ಎಂಜಿನ್ನು

ಮದ್ದೂರು ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಪೆಟ್ಟಿಗೆಯ ಮುಚ್ಚಳ ಕಿತ್ತು ಒಣಹುಲ್ಲು ಸರಿಸಿದಾಗ ಕಂಡದ್ದು ಒಂಬತ್ತು ಸಿಲಿಂಡರುಗಳು. ಗಾಡಿಚಕ್ರದ ಕಡ್ಡಿಗಳ ಹಾಗೆ ನಡುವಿನ ಗುಂಬದಿಂದ ಸುತ್ತಲೂ ಚಾಚಿಕೊಂಡಿದ್ದವು. ಪ್ರತಿಯೊಂದಕ್ಕೂ ತೆಳುವಾದ ಉಕ್ಕಿನ ರೆಕ್ಕೆಗಳು, ಪಕ್ಕದಲ್ಲಿ ಒಂದು ತಾಮ್ರದ ಕೊಳವೆ. ಇಪ್ಪತ್ತು ವರ್ಷ ಯಾವುದೋ ಉಗ್ರಾಣದಲ್ಲಿ ಮಲಗಿದ್ದ ಸಾಮಾನು. ಒಂದು ಚುಕ್ಕೆ ತುಕ್ಕು ಇರಲಿಲ್ಲ.

ಅದನ್ನು ತರಿಸಿದವರು ವೈದ್ಯನಾಥಪುರದ ಆಚೆ ಹೊಳೆದಂಡೆಯಲ್ಲಿ ಜಮೀನಿದ್ದ ಗೌಡರು. ಹೊಳೆಯಿಂದ ನೀರೆತ್ತುವ ಪಂಪಿಗೆ ಹತ್ತು ಕುದುರೆ ಶಕ್ತಿಯ ಒಂದು ಸೀಮೆಎಣ್ಣೆ ಎಂಜಿನ್ನು ತನ್ನಿ ಎಂದು ನಾನೇ ಅವರನ್ನು ಬೆಂಗಳೂರಿಗೆ ಕಳಿಸಿದ್ದೆ. ಅಲ್ಲಿ ಹರಾಜಿನಲ್ಲಿ ಯಾರೋ ಅವರಿಗೆ ಇದನ್ನು ತೋರಿಸಿದ್ದರು. ಹಿಂದಿನ ಯುದ್ಧದಲ್ಲಿ ವಿಮಾನ ಹಾರಿಸಿದ ಎಂಜಿನ್ನು ಎಂದು ಹೇಳಿದ್ದರು. ಅದು ಸುಳ್ಳಾಗಿರಲಿಲ್ಲ.

"ಎಂಬತ್ತು ಕುದ್ರೆ ಕಣ್ ಸಾಬ್ರೆ. ನೀವು ಹತ್ತು ಅಂದ್ರಿ, ನಾನು ಎಂಬತ್ತು ತಂದಿವ್ನಿ," ಎಂದರು ಗೌಡರು. ಮದುವೆ ಗಂಡನ್ನು ತೋರಿಸುವ ಹಾಗೆ ತೋರಿಸಿದರು.

ನಾನು ಆಗ ಮದ್ದೂರಿನ ಬಸ್ ರಸ್ತೆಯಲ್ಲಿ ಒಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಅಕ್ಕಿ ಗಿರಣಿಯ ಎಂಜಿನ್ನು, ಬಸ್ಸಿನ ಎಂಜಿನ್ನು ಎಲ್ಲ ಬಿಚ್ಚಿ ಕಟ್ಟಿದ್ದೆ. ಇಂಥದ್ದನ್ನು ಕಂಡಿರಲಿಲ್ಲ, ಕೇಳಿದ್ದೆ ಅಷ್ಟೆ. ನಾನು ಬಲ್ಲ ಎಂಜಿನ್ನುಗಳಲ್ಲಿ ಸಿಲಿಂಡರು ಅಲ್ಲಾಡದೆ ನಿಂತಿರುತ್ತದೆ, ಒಳಗೆ ಪಿಸ್ಟನ್ ಹೋಗಿ ಬಂದು ಶಾಫ್ಟನ್ನು ತಿರುಗಿಸುತ್ತದೆ. ಇದರೊಳಗೂ ಪಿಸ್ಟನ್ ಇದೆ. ಆದರೆ ಶಾಫ್ಟನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸಿದ್ದಾರೆ. ಒಂಬತ್ತು ಸಿಲಿಂಡರುಗಳೂ, ಅವುಗಳನ್ನು ಹಿಡಿದ ಗುಂಬವೂ, ಎಲ್ಲ ಸೇರಿ ಅದರ ಸುತ್ತ ಗಿರಗಿರನೆ ತಿರುಗುತ್ತವೆ. ತಿರುಗುವಾಗ ಬೀಸುವ ಗಾಳಿಯೇ ಅದಕ್ಕೆ ತಂಪು. ನೀರಿನ ತೊಟ್ಟಿ ಬೇಡ, ಭಾರದ ಚಕ್ರ ಬೇಡ. ಇಬ್ಬರು ಹಿಡಿದು ಎತ್ತಬಹುದಾದಷ್ಟು ಹಗುರ.

ಬೇಡ ಗೌಡ್ರೆ, ಇದನ್ನು ವಾಪಸು ಕಳಿಸಿ ಎಂದು ನಾನು ಅಲ್ಲೇ ಹೇಳಬಹುದಿತ್ತು. ನನಗೆ ಕೆಲಸ ಕಲಿಸಿದ ಉಸ್ತಾದರು ಹಿಂದಿನ ಯುದ್ಧದಲ್ಲಿ ಇರಾಕಿನ ಬಸ್ರಾದಲ್ಲಿ ವಿಮಾನಗಳ ಫಿಟ್ಟರಾಗಿದ್ದವರು. ಈ ಜಾತಿಯ ಎಂಜಿನ್ನಿನ ಹಸಿವಿನ ಬಗ್ಗೆ ಅವರ ಬಾಯಲ್ಲಿ ಕೇಳಿದ್ದೆ. ಆದರೂ ಹೇಳಲಿಲ್ಲ. ಅದು ತಿರುಗುವುದನ್ನು ನೋಡುವ ಆಸೆ ನನಗೂ ಇತ್ತು.

ಗೌಡರ ಜಮೀನಿನ ಪಕ್ಕದಲ್ಲೇ ಮೇಲ್ಹೊಲ. ಹದಿನೆಂಟು ಮನೆಯವರ ಪಾಲು ಅಲ್ಲಿತ್ತು. ನಾಲೆಯ ನೀರು ಆ ಎತ್ತರಕ್ಕೆ ಹತ್ತುತ್ತಿರಲಿಲ್ಲ. ಅವರು ರಾಗಿ, ಹುರುಳಿ ಬೆಳೆದುಕೊಂಡಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಗಳನ್ನು ದಿನಾ ನೋಡುತ್ತ ಅವರಿಗೂ ಆಸೆಯಾಗಿತ್ತು. ಪಂಪು ಕೂತರೆ ಎಲ್ಲರಿಗೂ ಸರದಿಯ ಮೇಲೆ ನೀರು ಬಿಡುತ್ತೇನೆ ಎಂದು ಗೌಡರು ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ಅವರು ನೆಲ ಆಳವಾಗಿ ಉತ್ತು ಸಾಲು ತೆಗೆದು ಕಾಯುತ್ತಿದ್ದರು. ಹದಿನೆಂಟರಲ್ಲಿ ಕೊನೆಯ ಹೊಲ ಒಬ್ಬ ಒಂಟಿ ಹೆಂಗಸಿನದು. ಐವತ್ತು ದಾಟಿದ್ದಳು, ಗಂಡ ತೀರಿಹೋಗಿದ್ದ. ಗುದ್ದಲಿ ಹಿಡಿದರೆ ಗಂಡಸರಿಗಿಂತ ಮೊದಲು ಸಾಲು ಮುಗಿಸುತ್ತಿದ್ದಳು.

ಎಂಜಿನ್ನು ಕೂರಿಸುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಚಿಕ್ಕರಸಿನಕೆರೆಯಿಂದ ಒಬ್ಬ ಆಚಾರಿಯನ್ನು ಕರೆಸಿಕೊಂಡೆ. ಮರದ ಕೆಲಸವನ್ನೂ ಕಬ್ಬಿಣದ ಕೆಲಸವನ್ನೂ ಒಂದೇ ಕೈಯಲ್ಲಿ ಬಲ್ಲವನು. ಹೊಳೆದಂಡೆಯ ಬಂಡೆಗೆ ರಂಧ್ರ ಕೊರೆದು, ಸೀಸ ಹುಯ್ದು ಬೋಲ್ಟು ನಿಲ್ಲಿಸಿ, ಮೇಲೆ ಹೊನ್ನೆಮರದ ದಿಮ್ಮಿಯ ಚೌಕಟ್ಟು ಕಟ್ಟಿದೆವು. ಬಿಸಿಲಿಗೆ ಮೇಲೊಂದು ಗರಿಯ ಚಪ್ಪರ. ವಿಮಾನದಲ್ಲಿ ಪಂಖ ಕೂರುವ ಜಾಗಕ್ಕೆ ಆಚಾರಿ ಹಲಸಿನ ಮರದಲ್ಲಿ ಒಂದು ರಾಟೆ ಕಡೆದು ಕೊಟ್ಟ. ರಾಟೆಯಿಂದ ಪಂಪಿಗೆ ಚರ್ಮದ ಪಟ್ಟಿ. ಚಾಲೂ ಮಾಡಲು ರಾಟೆಗೆ ಹಗ್ಗ ಸುತ್ತಿ ನಾಲ್ಕು ಜನ ಎಳೆಯಬೇಕು.

ಎಣ್ಣೆಯದೇ ಮೊದಲ ತಲೆನೋವು. ಇದರಲ್ಲಿ ಪೆಟ್ರೋಲು ಟೊಳ್ಳು ಶಾಫ್ಟಿನೊಳಗಿಂದಲೇ ಬಂದು ಗುಂಬದೊಳಗೆ ಹಬ್ಬಿ ಸಿಲಿಂಡರಿಗೆ ಹೋಗುತ್ತದೆ. ಮಾಮೂಲು ಎಂಜಿನ್ ಆಯಿಲನ್ನು ಪೆಟ್ರೋಲು ತೊಳೆದುಬಿಡುತ್ತದೆ. ಪೆಟ್ರೋಲಿಗೆ ಕರಗದ್ದು ಹರಳೆಣ್ಣೆ ಒಂದೇ. ನಮ್ಮ ಸೀಮೆಯಲ್ಲಿ ಹರಳಿಗೇನು ಬರ, ಗಾಣದಲ್ಲಿ ಸಿಕ್ಕುತ್ತದೆ ಎಂದು ಗೌಡರು ಹಿಗ್ಗಿದರು. ಗಾಣದ ಎಣ್ಣೆಯಲ್ಲಿ ಮಡ್ಡಿ ಬಹಳ. ಮೂರು ಪದರ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಮತ್ತೆ ಸೋಸಿದೆವು. ನಮ್ಮ ಎಂಜಿನ್ನುಗಳಲ್ಲಿ ಹಾಕಿದ ಎಣ್ಣೆ ತಿಂಗಳುಗಟ್ಟಲೆ ಒಳಗೇ ಸುತ್ತುತ್ತದೆ. ಇದು ಒಮ್ಮೆ ಕುಡಿದದ್ದನ್ನು ಹೊಗೆಯ ಜೊತೆ ಹೊರಗೆ ಉಗುಳುತ್ತದೆ. ಕುಡಿಸುತ್ತಲೇ ಇರಬೇಕು.

ಮೊದಲ ದಿನ ಅದು ಓಡಿತು. ಸುಳ್ಳು ಹೇಳಬಾರದು, ಅಂಥ ನೋಟವನ್ನು ನಾನು ಮತ್ತೆ ಕಂಡಿಲ್ಲ. ಒಂಬತ್ತು ಸಿಲಿಂಡರು ಕಣ್ಣಿಗೆ ಕಾಣದೆ ಒಂದು ಬೂದು ಬಿಲ್ಲೆಯಾಯಿತು. ಪಂಪಿನ ಬಾಯಿಂದ ನೀರು ತೊಲೆಯ ಹಾಗೆ ನೆಟ್ಟಗೆ ಹೊರಬಿದ್ದು ಮೇಲಿನ ಕಾಲುವೆಗೆ ನುಗ್ಗಿತು. ಜನ ಕಾಲುವೆಯ ಉದ್ದಕ್ಕೂ ನೀರಿನ ಜೊತೆ ಓಡಿದರು. ಮಾರನೆಯ ದಿನವೇ ಹದಿನೆಂಟು ಹೊಲದಲ್ಲೂ ಕಬ್ಬಿನ ತುಂಡು ನೆಟ್ಟರು. ಆಗಲೇ ಬಿಸಿಲು ಏರುತ್ತಿದ್ದ ಕಾಲ. ನೆಟ್ಟ ತುಂಡಿಗೆ ವಾರಕ್ಕೊಂದು ನೀರು ಸಿಕ್ಕದಿದ್ದರೆ ಮೊಳಕೆ ಸುಟ್ಟುಹೋಗುತ್ತದೆ.

ಆ ಮೊದಲ ದಿನದ ಸಂಜೆ ನಾನೂ ಆಚಾರಿಯೂ ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು. ಎಂಜಿನ್ನು ಉಗುಳಿದ ಹರಳೆಣ್ಣೆ ಮಂಜಿನ ಹಾಗೆ ಮೈಯೆಲ್ಲ ಕೂತಿತ್ತು, ಮೂಗು ಬಾಯಿಗೆಲ್ಲ ಹೋಗಿತ್ತು. ಮೂರು ದಿನ ಇಬ್ಬರ ಹೊಟ್ಟೆಯೂ ನಿಲ್ಲಲಿಲ್ಲ. ಕೆಳಗಿನ ಕಟ್ಟೆಯಲ್ಲಿ ನೀರು ತುಂಬುವ ಹೆಂಗಸರು ಬಿಂದಿಗೆಗೆ ಜಿಡ್ಡು ಹತ್ತುತ್ತಿದೆ ಎಂದು ಗೌಡರ ಮನೆಗೆ ಹೋಗಿ ಜಗಳವಾಡಿ ಬಂದರು.

ಹೊಟ್ಟೆನೋವು ಸಣ್ಣದು. ದೊಡ್ಡದು ಏನೆಂದರೆ, ಆ ಎಂಜಿನ್ನಿಗೆ ನಿಧಾನ ಎನ್ನುವುದೇ ಗೊತ್ತಿರಲಿಲ್ಲ. ಗಿರಣಿಯ ಎಂಜಿನ್ನಿಗೆ ಗವರ್ನರ್ ಎಂಬ ಸಣ್ಣ ಗುಂಡುಗಳ ಜೋಡಿ ಇರುತ್ತದೆ. ಭಾರ ಕಡಿಮೆಯಾದರೆ ತಾನೇ ಎಣ್ಣೆ ಕಡಿಮೆ ಮಾಡಿಕೊಳ್ಳುತ್ತದೆ, ಹೆಚ್ಚಾದರೆ ಹೆಚ್ಚು ಕುಡಿಯುತ್ತದೆ. ಇದಕ್ಕೆ ಅದಿಲ್ಲ. ಪೆಟ್ರೋಲನ್ನೂ ಗಾಳಿಯನ್ನೂ ಒಂದು ಹದಕ್ಕೆ ತಂದರೆ ಪೂರ್ತಿ ವೇಗದಲ್ಲಿ ಓಡುತ್ತದೆ, ಹದ ಕೂದಲೆಳೆಯಷ್ಟು ತಪ್ಪಿದರೆ ನಿಂತುಹೋಗುತ್ತದೆ. ನಡುವೆ ಏನೂ ಇಲ್ಲ. ಪಂಪಿಗೆ ಬೇಕಾದ್ದು ಹತ್ತು ಕುದುರೆ. ಉಳಿದ ಎಪ್ಪತ್ತು ಕುದುರೆಯನ್ನು ಹಿಡಿದು ನಿಲ್ಲಿಸುವವರು ಯಾರು? ಅದಕ್ಕೊಂದು ಗುಂಡಿ ಇಟ್ಟಿದ್ದರು. ಒತ್ತಿದರೆ ಕಿಡಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಹತ್ತುತ್ತದೆ. ಒಬ್ಬ ಮನುಷ್ಯ ಇಡೀ ದಿನ ಆ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಎಣಿಸಿ ಒತ್ತಿ, ಎಣಿಸಿ ಬಿಟ್ಟು ಕೂರಬೇಕು. ಹಾಗೆ ಕೂತವನು ನಾನು. ಹೀಗೆ ತಡೆತಡೆದು ಓಡಿದರೂ ಗಂಟೆಗೆ ಎರಡು ಡಬ್ಬ ಪೆಟ್ರೋಲು ಖಾಲಿ. ಗೌಡರ ಗಾಡಿ ಮದ್ದೂರಿಗೆ ಹೋಗಿ ಪೆಟ್ರೋಲು ತಂದು ಇಳಿಸುವಷ್ಟರಲ್ಲಿ ಮುಂದಿನ ಗಾಡಿ ಹೊರಡಬೇಕಾಗುತ್ತಿತ್ತು. ಎಷ್ಟೋ ದಿನ ಮದ್ದೂರಿನಲ್ಲಿ ಪೆಟ್ರೋಲೇ ಇರುತ್ತಿರಲಿಲ್ಲ.

ಎರಡನೆಯ ವಾರ ಒಂದು ಸಿಲಿಂಡರು ಉರಿಯುವುದು ಬಿಟ್ಟಿತು. ಮಾಮೂಲು ಎಂಜಿನ್ನಿನಲ್ಲಿ ಹಾಗಾದರೆ ಸದ್ದು ಕುಂಟುತ್ತದೆ, ಅಷ್ಟೇ. ಇಲ್ಲಿ ತಿರುಗುತ್ತಿರುವುದು ಎಂಜಿನ್ನೇ. ಇಡೀ ಚೌಕಟ್ಟು ಜ್ವರ ಬಂದವರ ಹಾಗೆ ನಡುಗಿ ಬಂಡೆಯಲ್ಲಿನ ಎರಡು ಬೋಲ್ಟು ಸಡಿಲವಾದವು. ನಿಲ್ಲಿಸಿ ನೋಡಿದರೆ ಪಿಸ್ಟನ್ನಿನ ಸುತ್ತ ಇರುವ ಹಿತ್ತಾಳೆಯ ಬಳೆ ಮುರಿದಿತ್ತು. ಗಿರಣಿ ಎಂಜಿನ್ನಿನ ಬಳೆ ಬೀಡುಕಬ್ಬಿಣದ್ದು, ದಪ್ಪ. ಮೈಸೂರಿನ ಅಂಗಡಿಯಲ್ಲಿ ಸಿಗುತ್ತದೆ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮರೆತುಬಿಡಬಹುದು. ಇದು ನಾಣ್ಯಕ್ಕಿಂತ ತೆಳು. ಅದನ್ನು ತಲುಪುವುದಕ್ಕೆ ಎಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ, ಗುಂಬ ಬಿಚ್ಚಿ, ಒಂಬತ್ತೂ ಕೊಳವೆ ಕಳಚಬೇಕು. ನನಗೆ ಎರಡು ಹಗಲು ಬೇಕಾಯಿತು. ಆಚಾರಿ ಹಳೆಯ ಹಿತ್ತಾಳೆ ತಂಬಿಗೆಯೊಂದನ್ನು ಕತ್ತರಿಸಿ, ಬಡಿದು, ಅರದಲ್ಲಿ ಉಜ್ಜಿ, ಮಸಿ ಹಚ್ಚಿ ನೋಡಿ, ಮತ್ತೆ ಉಜ್ಜಿ ಒಂದು ಬಳೆ ಮಾಡಿದ. ಎಷ್ಟು ಚೆನ್ನಾಗಿ ಕೂತಿತೆಂದರೆ ನಾನು ಅವನ ಕೈ ಹಿಡಿದುಕೊಂಡೆ. ಅದು ಅರ್ಧ ಗಂಟೆ ಓಡಿತು. ಆಮೇಲೆ ಅದೂ ಮುರಿಯಿತು, ಪಕ್ಕದ ಸಿಲಿಂಡರಿನದೂ ಮುರಿಯಿತು.

ಹೀಗೇ ಮೂರು ವಾರ. ಒಂದು ದಿನ ಓಟ, ಮೂರು ದಿನ ಬಿಚ್ಚಾಟ. ಮೊದಲ ಹೊಲಗಳಿಗೆ ಹೇಗೋ ನೀರು ತಾಗುತ್ತಿತ್ತು. ಸರದಿಯ ಕೊನೆಯವರಿಗೆ ನೆಟ್ಟ ದಿನದ್ದು ಬಿಟ್ಟರೆ ಒಂದು ನೀರೂ ಇಲ್ಲ. ನಾನು ಗೌಡರಿಗೆ ಹೇಳಿದೆ, ಇದು ಹೊಲದ ಕೆಲಸಕ್ಕೆ ಬರುವುದಲ್ಲ, ಬೇರೆ ನೋಡೋಣ ಎಂದು. ಅವರು ಕೇಳಿಸಿಕೊಳ್ಳಲಿಲ್ಲ. ಆಕಾಶದಲ್ಲಿ ಹಾರಿಸಿದ್ದು ಭೂಮಿಯ ಮೇಲೆ ನೀರೆತ್ತದೆ ಇರುತ್ತದೆಯೇ, ಕೆಟ್ಟದ್ದನ್ನು ಸರಿಮಾಡುವುದು ನಿನ್ನ ಕೆಲಸ ತಾನೆ ಎಂದರು. ಊರಿನವರೆದುರು ಎಂಬತ್ತು ಕುದುರೆಯ ಮಾತನ್ನು ಅಷ್ಟು ಸಲ ಆಡಿದ ಮೇಲೆ ಅವರಿಗೂ ಹಿಂದೆ ಸರಿಯುವುದು ಕಷ್ಟವಾಗಿತ್ತು. ನನಗೆ ಸಿಟ್ಟು ಬಂತು, ಆದರೆ ಮರುದಿನ ಮತ್ತೆ ಸ್ಪ್ಯಾನರು ಹಿಡಿದೆ. ನನ್ನ ಕೈಯಿಂದ ಆಗುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೂ ಮನಸ್ಸಿರಲಿಲ್ಲ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಬೆಂಕಿ ಹತ್ತಿತು.

ಅದರ ಕಾರಣ ಈಗ ಹೇಳುವುದು ಸುಲಭ. ಗುಂಡಿ ಒತ್ತಿದಾಗ ನಿಲ್ಲುವುದು ಕಿಡಿ ಮಾತ್ರ. ಪೆಟ್ರೋಲು ಒಳಗೆ ಬರುತ್ತಲೇ ಇರುತ್ತದೆ, ಉರಿಯದೆ ಹಾಗೆಯೇ ಹೊರಗೆ ಚೆಲ್ಲುತ್ತದೆ. ಆ ದಿನ ಪಂಪಿನ ಪಟ್ಟಿ ಜಾರಿತು. ಭಾರ ತಪ್ಪಿದ ಎಂಜಿನ್ನು ಹುಚ್ಚು ವೇಗಕ್ಕೆ ಏರಿತು. ನಾನು ಗುಂಡಿಯನ್ನು ಮಾಮೂಲಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದೆ. ಆಚಾರಿ ಪಟ್ಟಿಯನ್ನು ಕೋಲಿನಿಂದ ಮತ್ತೆ ಏರಿಸಲು ಹತ್ತಿರ ಹೋದ. ಎಂಜಿನ್ನು ನಿಂತೇಹೋಗುತ್ತದೆ ಎಂದು ಹೆದರಿ ನಾನು ಗುಂಡಿ ಬಿಟ್ಟೆ. ಚಪ್ಪರದ ಕೆಳಗೆ ಕಟ್ಟಿಕೊಂಡಿದ್ದ ಪೆಟ್ರೋಲಿನ ಹಬೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಗರಿ ಉರಿಯಿತು, ಎಣ್ಣೆ ಕುಡಿದ ದಿಮ್ಮಿ ಉರಿಯಿತು. ಪೆಟ್ರೋಲಿನ ನಲ್ಲಿ ಮುಚ್ಚಿ ನಾನು ಆಚೆಗೆ ಹಾರಿದೆ. ಆಚಾರಿಯ ಬಲಗೈ ಅಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು.

ಮದ್ದೂರಿನ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಎರಡು ತಿಂಗಳು ಸುತ್ತಿಗೆ ಮುಟ್ಟಬಾರದು ಎಂದರು. ಅವನು ಆಸ್ಪತ್ರೆಯ ಜಗಲಿಯ ಮೇಲೆ ಕೂತು ಆ ಕೈಯನ್ನೇ ನೋಡಿಕೊಳ್ಳುತ್ತಿದ್ದ. ತಲೆಯೆತ್ತಿ ಕೇಳಿದ:

"ಇದು ಇಂಗೆ ಮಾಡ್ತದೆ ಅಂತ ನಿಂಗೆ ಗೊತ್ತಿತ್ತೇನ್ಲಾ?"

"ಬೆಂಕಿ ಗೊತ್ತಿರ್ಲಿಲ್ಲ. ಇದು ನಮ್ಮ ಕೆಲ್ಸಕ್ಕೆ ಬರಾಕಿಲ್ಲ ಅಂತ ಮೊದಲ್ನೇ ದಿನವೇ ಅನ್ನಿಸ್ತು," ಎಂದೆ.

ಅವನು ಬೈಯಲಿಲ್ಲ. "ಯೋಳ್ಬೇಕಾಗಿತ್ತು," ಎಂದ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ನಾನು ಅಲ್ಲಿಂದ ನೇರವಾಗಿ ಹೊಳೆದಂಡೆಗೆ ಹೋದೆ. ಕರಿಹಿಡಿದ ಎಂಜಿನ್ನು ಹಾಗೇ ಇತ್ತು. ಗೌಡರು ಆಗಲೇ ಹೊಸ ಗರಿ ತರಿಸಿ ಹಾಕಿಸಿದ್ದರು. ಮದ್ದೂರಿನಲ್ಲಿ ನಾನೊಬ್ಬನೇ ಮಿಸ್ತ್ರಿಯೇನಲ್ಲ ಎಂದು ಯಾರೊಂದಿಗೋ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಹಿಂಬದಿಯಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇತ್ತು. ನಾಲ್ಕು ತಿರುಪು ಬಿಚ್ಚಿ ಅದನ್ನು ಕಳಚಿ ಚೀಲದಲ್ಲಿ ಹಾಕಿಕೊಂಡೆ. ಇನ್ನು ಅದನ್ನು ಬೇರೆ ಯಾವ ಮಿಸ್ತ್ರಿಯೂ ಚಾಲೂ ಮಾಡುವಂತಿರಲಿಲ್ಲ. ಗೌಡರ ಮನೆಗೆ ಹೋಗಿ, ಮ್ಯಾಗ್ನೆಟೊ ನನ್ನ ಹತ್ತಿರ ಇದೆ, ಕೊಡುವುದಿಲ್ಲ ಎಂದು ಎದುರಿಗೇ ಹೇಳಿದೆ.

"ಕಳ್ತನ ಕಣಯ್ಯ ಇದು," ಎಂದರು.

"ಹೂಂ ಗೌಡ್ರೆ. ಅಮಲ್ದಾರರಿಗೆ ಬೇಕಾರೆ ಯೋಳಿ. ಅಷ್ಟ್ರೊಳಗೆ ಬೇರೆ ಎಂಜಿನ್ ತತ್ತೀನಿ."

ಬೇರೆ ಎಂಜಿನ್ನು ಎಲ್ಲಿಂದ ತರುತ್ತೇನೆ ಎಂಬುದು ಆ ಗಳಿಗೆಯಲ್ಲಿ ನನಗೂ ಗೊತ್ತಿರಲಿಲ್ಲ. ಮಳವಳ್ಳಿ ಬಸ್ಸು ಹತ್ತಿದೆ. ನನ್ನ ಉಸ್ತಾದರು ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಎಂಜಿನ್ ಡ್ರೈವರಾಗಿದ್ದರು. ಗಿರಣಿಗೆ ಕರೆಂಟು ಬಂದ ಮೇಲೆ ಹಳೆಯ ಎಂಜಿನ್ನು ಹಿಂದಿನ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಒಂದೇ ಸಿಲಿಂಡರು, ಅಡ್ಡಡ್ಡ ಮಲಗಿದ್ದು, ಎರಡು ಭಾರದ ಚಕ್ರ. ಎಂಟು ಕುದುರೆಯಷ್ಟೆ. ಮೇಲೆ ಕೋಳಿಗಳು ಕೂತಿದ್ದವು.

ನಾನು ನಡೆದದ್ದೆಲ್ಲ ಹೇಳಿದೆ. ಉಸ್ತಾದರು ಬೀಡಿ ಮುಗಿಸಿ ತುದಿಯನ್ನು ನೆಲಕ್ಕೆ ಉಜ್ಜಿದರು.

"ಅದು ಆಕಾಶಕ್ಕೇ ಅಂತ ಹುಟ್ಟಿದ್ದು ಕಣಪ್ಪ," ಎಂದರು. "ಅಲ್ಲಿ ತೂಕ ಒಂದೇ ಲೆಕ್ಕ. ಹಗುರ ಇರ್ಬೇಕು, ಒಂದೆರಡು ಗಂಟೆ ಹಾರಿ ಇಳೀಬೇಕು. ಇಳಿದ ಮ್ಯಾಲೆ ಬಿಚ್ಚಿ ಕಟ್ಟಾಕೆ ನಮ್ಮಂಥೋರು ಹತ್ತು ಜನ ಕಾಯ್ತಾ ಇರ್ತಿದ್ವಿ. ಹೊಲ್ದಲ್ಲಿ ತೂಕ ಯಾರು ಕೇಳ್ತಾರೆ?"

ಗಿರಣಿಯ ಯಜಮಾನರು ಎಂಜಿನ್ನನ್ನು ಒಂದು ಬೆಳೆಯ ಮಟ್ಟಿಗೆ ಕೊಡಲು ಒಪ್ಪಿದರು. ವಾಪಸು ತಂದಾಗ ಅದು ಹೊಸದರ ಹಾಗೆ ಓಡುವಂತೆ ಮಾಡಿಕೊಡಬೇಕು ಎನ್ನುವುದೇ ಕರಾರು. ನಾಲ್ಕು ದಿನ ಅಲ್ಲೇ ಉಳಿದು ತುಕ್ಕು ಕೆರೆದೆ. ತಲೆಯ ಮುಚ್ಚಳವನ್ನು ಎಂಜಿನ್ನು ನಿಂತ ಜಾಗದಲ್ಲೇ ಎಂಟು ನಟ್ಟು ಬಿಚ್ಚಿ ತೆಗೆದೆ. ಎಮರಿ ಪುಡಿ ಹಚ್ಚಿ ವಾಲ್ವನ್ನು ಅದರ ಪೀಠಕ್ಕೆ ಉಜ್ಜಿ ಕೂರಿಸಿದೆ. ಒಂದು ಬಳೆ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿದರೆ ಬಿಟ್ಟುಕೊಂಡಿತು. ಮೂರು ವಾರ ಆ ಒಂಬತ್ತು ತಲೆಯ ಜೊತೆ ಗುದ್ದಾಡಿದವನಿಗೆ ಈ ಕೆಲಸ ಎಷ್ಟು ಸಲೀಸಾಗಿತ್ತೆಂದರೆ ನನ್ನ ಮೇಲೇ ನನಗೆ ರೇಗುತ್ತಿತ್ತು. ದಿನವೊಂದು ಕಳೆದಂತೆ ಅಲ್ಲಿ ಮೇಲ್ಹೊಲದಲ್ಲಿ ಮೊಳಕೆ ಒಣಗುತ್ತಿದೆ ಎಂಬುದೂ ತಲೆಯಲ್ಲಿ ಕೊರೆಯುತ್ತಿತ್ತು.

ಎರಡು ಗಾಡಿಯಲ್ಲಿ ಅದನ್ನು ಹೇರಿಕೊಂಡು ಹೊರಟೆ. ಹೇರಿದ್ದು ಹೆಚ್ಚಾಗಿ ದಾರಿಯಲ್ಲಿ ಒಂದು ಗಾಡಿಯ ಅಚ್ಚು ಮುರಿದು ಇಡೀ ಒಂದು ದಿನ ಹಾಳಾಯಿತು. ಮೂರನೆಯ ದಿನ ಹೊಳೆದಂಡೆಗೆ ಬಂದಾಗ ಹೊಲದವರೆಲ್ಲ ಕಾದಿದ್ದರು. ಸುಟ್ಟದ್ದನ್ನು ಇಳಿಸಿ ಪಕ್ಕಕ್ಕಿಟ್ಟು, ಗಿರಣಿಯ ಎಂಜಿನ್ನನ್ನು ಅವರೇ ಹಗ್ಗ ಹಾಕಿ, ಬಾಳೆದಿಂಡಿನ ಮೇಲೆ ಉರುಳಿಸಿ ಬಂಡೆಗೆ ಏರಿಸಿದರು. ಆಚಾರಿ ಕಟ್ಟಿದ ಕೈಯನ್ನು ಎದೆಗೊರಗಿಸಿಕೊಂಡು ಎಲ್ಲಿ ಬೆಣೆ ಹೊಡೆಯಬೇಕೆಂದು ಎಡಗೈಯಲ್ಲಿ ತೋರಿಸುತ್ತಿದ್ದ. ಗೌಡರು ಬರಲಿಲ್ಲ. ಅಮಲ್ದಾರರ ಹತ್ತಿರವೂ ಹೋಗಿರಲಿಲ್ಲ.

ಇದು ಹೊತ್ತಿಕೊಳ್ಳುವುದು ಕಿಡಿಯಿಂದಲ್ಲ, ಕಾವಿನಿಂದ. ದೀಪದಿಂದ ಎಂಜಿನ್ನಿನ ಮೂತಿ ಕಾಯಿಸಿ, ಚಕ್ರ ತಿರುಗಿಸಿದೆ. ಮೂರನೆಯ ಸಲಕ್ಕೆ ಹಿಡಿಯಿತು. ದುಕ್ ದುಕ್ ಎಂದು, ಎತ್ತು ನಡೆಯುವ ಹಾಗೆ. ನೀರು ಮೊದಲಿನ ಹಾಗೆ ತೊಲೆಯಾಗಿ ಬರಲಿಲ್ಲ. ತೊಡೆಯ ಗಾತ್ರ ಬಂತು. ಆದರೆ ನಿಲ್ಲಲಿಲ್ಲ. ಬೆಳಿಗ್ಗೆ ಹಚ್ಚಿದರೆ ಬೈಗಿನವರೆಗೆ ಓಡುತ್ತಿತ್ತು. ಎಣ್ಣೆಯ ಬಟ್ಟಲು ತುಂಬಿ, ತೊಟ್ಟಿಯ ನೀರು ಎಷ್ಟು ಬಿಸಿಯಾಗಿದೆ ಎಂದು ಬೆರಳಿಟ್ಟು ನೋಡುವುದು ಬಿಟ್ಟರೆ ನನಗೆ ಕೆಲಸವೇ ಇರಲಿಲ್ಲ.

ಮೊದಲ ಸುತ್ತು ಮುಗಿದ ಮೇಲೆ ಹೊಲದವರೆಲ್ಲ ಸೇರಿ ಸಾಲು ಸಾಲಾಗಿ ನೋಡುತ್ತ ಹೋದೆವು. ಹನ್ನೊಂದು ಹೊಲದಲ್ಲಿ ಮೊಳಕೆ ಹಸಿರಿತ್ತು. ಏಳರಲ್ಲಿ ನೆಲ ಕೆದಕಿದರೆ ತುಂಡುಗಳು ಒಳಗೆ ಕೆಂಪಾಗಿ, ಹುಳಿ ವಾಸನೆ ಹೊಡೆಯುತ್ತಿದ್ದವು. ಆ ಒಂಟಿ ಹೆಂಗಸಿನದು ಆ ಏಳರಲ್ಲಿ ಒಂದು. ರಾಗಿಯ ಹೊಲ ಕೆಡಿಸಿಕೊಂಡಿದ್ದಳು, ಕಬ್ಬೂ ಇಲ್ಲ. ಅವಳು ಒಂದು ತುಂಡನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಗೌಡರ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ, ಚೀಲದಲ್ಲಿ ಮ್ಯಾಗ್ನೆಟೊ ಇಟ್ಟುಕೊಂಡು.

ಗೌಡರು ಜಗಲಿಯಲ್ಲಿದ್ದರು. ಅವಳು ತುಂಡನ್ನು ಅವರ ಮುಂದೆ ಇಟ್ಟಳು. ನಿಮ್ಮ ಮಾತು ನಂಬಿ ನೆಟ್ಟೆವು, ಎಂಜಿನ್ನು ಈಗ ಓಡುತ್ತಿದೆ, ಬಿತ್ತನೆ ಇಲ್ಲ ಎಂದಳು. ಆಮೇಲೆ ಕೂಗಾಡದೆ, ಉಪ್ಪು ಕೇಳುವ ಹಾಗೆ ಕೇಳಿದಳು:

"ನಿಮ್ ತಗ್ಗಿನ್ ಗದ್ದೇಲಿ ಕಬ್ಬು ನಿಂತದೆ. ಏಳು ವೊಲಕ್ಕಾಗೋವಷ್ಟು ಕಡ್ಕೊಡಿ ಗೌಡ್ರೆ."

ನಾನು ಮ್ಯಾಗ್ನೆಟೊ ತೆಗೆದು ತುಂಡಿನ ಪಕ್ಕದಲ್ಲಿಟ್ಟೆ. ಇನ್ನು ಇದನ್ನು ಏನು ಬೇಕಾದರೂ ಮಾಡಿಕೊಳ್ಳಿ, ನಾನಂತೂ ಕೈ ಹಚ್ಚುವುದಿಲ್ಲ ಎಂದೆ. ಗೌಡರು ನನ್ನ ಕಡೆ ನೋಡಲೇ ಇಲ್ಲ. ತುಂಡನ್ನು ಎತ್ತಿಕೊಂಡು ಉಗುರಿನಿಂದ ಅದರ ಕಣ್ಣು ಕೆರೆದರು. ಎದ್ದು ಒಳಗೆ ಹೋಗಿ ಮಚ್ಚು ತಂದರು. ಆಳುಗಳನ್ನು ಕೂಗಿ, ತಾವೇ ಮುಂದಾಗಿ ಗದ್ದೆಗೆ ಇಳಿದರು. ಕಾರ್ಖಾನೆಗೆ ಹೋಗಬೇಕಾಗಿದ್ದ ಕಬ್ಬು ಅದು. ಸಂಜೆಯವರೆಗೂ ಕಡಿದರು.

ಏಳು ಹೊಲದವರು ಮತ್ತೆ ನೆಟ್ಟರು. ಉಳಿದವರಿಗಿಂತ ಒಂದೂವರೆ ತಿಂಗಳು ಹಿಂದೆ. ಆ ಕಬ್ಬು ಅವರದರಷ್ಟು ತೂಗಲಾರದು ಎಂದು ನೆಡುವಾಗಲೇ ಎಲ್ಲರಿಗೂ ಗೊತ್ತಿತ್ತು.

ಸರದಿ ಆ ಕೊನೆಯ ಹೊಲಕ್ಕೆ ಬಂದ ದಿನ ನಾನು ಎಂಜಿನ್ನನ್ನು ಆಚಾರಿಗೆ ನೋಡಿಕೊಳ್ಳಲು ಹೇಳಿ ಕಾಲುವೆಯ ಗುಂಟ ನಡೆದು ಮೇಲಕ್ಕೆ ಹೋದೆ. ನೀರು ಒಣಮಣ್ಣನ್ನು ನೂಕಿಕೊಂಡು ಅವಳ ಮೊದಲ ಸಾಲಿಗೆ ಬಂದು ಸೇರುತ್ತಿತ್ತು. ಅವಳು ಬಗ್ಗಿ ಅಂಗೈಯನ್ನು ನೀರಿಗಿಟ್ಟಳು.

"ಬಂತು ಬುಡಪ್ಪ," ಎಂದಳು. "ಬರಾಕೆ ಇಷ್ಟು ದಿನ ಬೇಕಾಗಿತ್ತಾ?"

"ಬೇಕಾಗಿರ್ಲಿಲ್ಲ ಕಣಮ್ಮ," ಎಂದೆ.

ಅವಳು ನನ್ನ ಮುಖವನ್ನು ಒಂದು ಸಲ ನೋಡಿದಳು. ಗುದ್ದಲಿ ಎತ್ತಿಕೊಂಡು ಹೋಗಿ ಎರಡನೆಯ ಸಾಲಿನ ಬದು ಒಡೆದಳು.